ಫಾಬ್ರ ಎಂಬ ಹೆಸರು

ಯುರೋಪಿನ ಜನರ ಹೆಸರುಗಳಲ್ಲಿ ಸಾಮಾನ್ಯವಾಗಿ ಕಡೆಗೆ ಬರುವುದು ಮನೆತನದ ಹೆಸರು. ಅದು ತಂದೆಯಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ ಆಸ್ತಿಯಂತೆ ಇಳಿದು ಬರುತ್ತದೆ. ಹೊಲಮನೆಯಿಲ್ಲದ ಬಡವನಿಗೂ ಈ ಒಂದು ಪಿತ್ರಾರ್ಜಿತ ತಪ್ಪುವುದಿಲ್ಲ. ಸಾವಿರ ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಸಾಮಾನ್ಯ ಜನರಿಗೆ ಇಂತಹ ಹೆಸರುಗಳಿರಲಿಲ್ಲ; ಒಬ್ಬೊಬ್ಬರಿಗೆ ಒಂದೊಂದೇ ಹೆಸರು ಸಾಕಾಗಿತ್ತು. ಊರುಗಳು ಬೆಳೆದು, ಒಂದೇ ಬೀದಿಯಲ್ಲಿ ನಾಲ್ಕಾರು ಜಾನ್‌ಗಳೂ ಪಿಯೇರ್‌ಗಳೂ ಸೇರಿದಾಗ ಗುರುತಿಗೆಂದು ಮತ್ತೊಂದು ಹೆಸರು ಬೇಕಾಯಿತು. ಒಬ್ಬನನ್ನು ಅವನ ಹಳ್ಳಿಯಿಂದ, ಇನ್ನೊಬ್ಬನನ್ನು ಅವನ ಎತ್ತರ ಅಥವಾ ಕೂದಲ ಬಣ್ಣದಿಂದ, ಮತ್ತೊಬ್ಬನನ್ನು ಅವನ ಕಸುಬಿನಿಂದ ಕರೆಯತೊಡಗಿದರು. ಹನ್ನೊಂದು ಹನ್ನೆರಡನೆಯ ಶತಮಾನಗಳಿಂದೀಚೆಗೆ ಈ ಹೆಸರುಗಳು ವಂಶಗಳಿಗೆ ಅಂಟಿಕೊಂಡವು. 1539ರಲ್ಲಿ ದೊರೆ ಒಂದನೆಯ ಫ್ರಾನ್ಸಿಸನು ಮಕ್ಕಳ ನಾಮಕರಣವನ್ನು ಚರ್ಚುಗಳಲ್ಲಿ ದಾಖಲೆ ಮಾಡಬೇಕೆಂದು ಆಜ್ಞೆ ಹೊರಡಿಸಿದ ಮೇಲೆ ಅವು ಇನ್ನಷ್ಟು ಸ್ಥಿರಗೊಂಡವು.

ಬಡಿಗೇರ, ಪತ್ತಾರ, ಕಮ್ಮಾರ ಎಂಬ ಅಡ್ಡಹೆಸರುಗಳನ್ನು ಬಲ್ಲ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಲ್ಯಾಟಿನ್ ಭಾಷೆಯಲ್ಲಿ ಕಲ್ಲು, ಮರ, ಲೋಹಗಳಲ್ಲಿ ಕೆಲಸ ಮಾಡುವ ಕುಶಲಿಗೆ ಫಾಬೆರ್ ಎಂಬ ಪದವಿತ್ತು. ಕಾಲಕ್ರಮದಲ್ಲಿ ಅದು ಕಮ್ಮಾರನಿಗೇ ಮೀಸಲಾಯಿತು. ದಕ್ಷಿಣ ಫ್ರಾನ್ಸಿನ ಆಕ್ಸಿತಾನ್ ಭಾಷೆಯಲ್ಲಿ ಆ ಪದ ಫಾಬ್ರ ಎಂದೂ ಫೋರ್ ಎಂದೂ ಆಯಿತು. ಆಲ್ಪ್ಸ್ ಪರ್ವತದ ಕಡೆ ಫಾವ್ರ ಎಂದಾಯಿತು. ಉತ್ತರದಲ್ಲಿ ಲಫೇವ್ರ ಎಂಬ ರೂಪ ತಾಳಿತು. ಈ ಲಫೇವ್ರ ಎಂಬುದನ್ನು ಬರೆಯುವಾಗ ಕೆಲವು ಮನೆತನದವರು ನಡುವೆ ಉಚ್ಚರಿಸದ ಬಕಾರವೊಂದನ್ನು ಇಂದಿಗೂ ಸೇರಿಸುತ್ತಾರೆ. ಮೂಲ ಲ್ಯಾಟಿನ್ ಪದದ ನೆನಪಿಗಾಗಿ ಹಿಂದಿನ ಪಂಡಿತರು ತುರುಕಿದ ಅಕ್ಷರವದು. ಊರಿಗೊಬ್ಬ ಕಮ್ಮಾರ ಇರಲೇಬೇಕಾಗಿದ್ದ ಕಾಲದಲ್ಲಿ ಹುಟ್ಟಿದ ಹೆಸರಾದ್ದರಿಂದ ಇದನ್ನು ಹೊತ್ತವರ ಸಂಖ್ಯೆ ಫ್ರಾನ್ಸಿನಲ್ಲಿ ಬಹಳ ದೊಡ್ಡದು.

ಅವರಲ್ಲಿ ಕೆಲವರು ಚರಿತ್ರೆಯಲ್ಲಿ ಉಳಿದಿದ್ದಾರೆ. ಮೋಂಪೆಲಿಯೆ ಪಟ್ಟಣದ ಚಿತ್ರಕಾರ ಫ್ರಾನ್ಸ್ವಾ ಕ್ಸಾವಿಯೆ ಫಾಬ್ರನು ತನ್ನ ಅಮೂಲ್ಯ ಚಿತ್ರಸಂಗ್ರಹವನ್ನು 1825ರಲ್ಲಿ ಹುಟ್ಟೂರಿಗೆ ದಾನಮಾಡಿದನು. ಅಲ್ಲಿಯ ಕಲಾಶಾಲೆ ಅವನ ಹೆಸರನ್ನೇ ಹೊತ್ತಿದೆ. ಕವಿಯೂ ನಾಟಕಕಾರನೂ ಆಗಿದ್ದ ಫಿಲಿಪ್ ಫಾಬ್ರನಿಗೆ ಬರಿಯ ಕಮ್ಮಾರನ ಹೆಸರು ಸಾಲದೆಂದು ತೋರಿತೋ ಏನೋ, ತುಲೂಸ್ ನಗರದ ಕಾವ್ಯಸ್ಪರ್ಧೆಯಲ್ಲಿ ಕಾಡುಗುಲಾಬಿಯ ಪದಕವನ್ನು ಗೆದ್ದೆನೆಂದು ಹೇಳಿಕೊಂಡು ಆ ಹೂವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಫಾಬ್ರ ದೆಗ್ಲಾಂತೀನ್ ಎನಿಸಿಕೊಂಡನು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಹೊಸ ಪಂಚಾಂಗದ ತಿಂಗಳುಗಳಿಗೆ ಮೊಳಕೆ, ಹೂವು, ಬಿಸಿಲು, ಮಂಜು ಇವುಗಳನ್ನು ಸೂಚಿಸುವ ಸೊಗಸಾದ ಹೆಸರುಗಳನ್ನು ಕಟ್ಟಿಕೊಟ್ಟವನು ಈತನೇ. ಮರುವರ್ಷದ ಏಪ್ರಿಲ್ ತಿಂಗಳಲ್ಲಿ, ಮೊಳಕೆಯ ಮಾಸವೆಂದು ತಾನೇ ಹೆಸರಿಟ್ಟ ತಿಂಗಳಿನಲ್ಲಿ, ದಾಂತಾನನ ಜೊತೆಯಲ್ಲಿ ಅವನ ಶಿರಚ್ಛೇದನವಾಯಿತು. ಮಾರ್ಸೇಲ್ಸ್ ನಗರದ ಎಂಜಿನಿಯರ್ ಆನ್ರಿ ಫಾಬ್ರನು 1910ರ ಮಾರ್ಚ್ 28ರಂದು ನೀರಿನ ಮೇಲಿನಿಂದ ಹಾರಿದ ಮೊದಲ ವಿಮಾನವನ್ನು ನಡೆಸಿದನು.

ಇದೇ ಎಂಜಿನಿಯರನ ಹಾರಾಟವಾಗಿ ಆರು ದಿನ ಕಳೆಯುವಷ್ಟರಲ್ಲಿ ಅದೇ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಇನ್ನೊಬ್ಬ ಆನ್ರಿ ಫಾಬ್ರನಿಗೆ ಸನ್ಮಾನ ನಡೆಯಿತು. ಎಂಬತ್ತಾರು ವಯಸ್ಸಿನ ಬಡ ಮುದುಕ ಆತ. ಆಕಾಶಕ್ಕೆ ಏರಿದವನಲ್ಲ, ಜೀವಮಾನವೆಲ್ಲ ನೆಲಕ್ಕೆ ಬಾಗಿ ಹುಳುಗಳನ್ನು ನೋಡಿದವನು. ಫಾಬ್ರ ಎಂಬ ಹೆಸರನ್ನು ಕೇಳಿದಾಗ ಪ್ರಪಂಚದ ಮಕ್ಕಳಿಗೆ ನೆನಪಾಗುವುದು ಈತನೇ.

ಜಾನ್ ಆನ್ರಿ ಫಾಬ್ರನು 1823ರ ಡಿಸೆಂಬರಿನಲ್ಲಿ ಸೇಂಟ್ ಲಿಯೋನ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಹುಟ್ಟಿದನು. ತಂದೆತಾಯಿಗಳಿಗೆ ಹೊಟ್ಟೆ ಹೊರೆಯುವುದೇ ಕಷ್ಟವಾಗಿದ್ದುದರಿಂದ ಮಗುವನ್ನು ಕೆಲವು ವರ್ಷ ಮಲವಾಲ್ ಎಂಬಲ್ಲಿದ್ದ ತಾತನ ಮನೆಗೆ ಕಳುಹಿಸಿದರು. ದನಕುರಿಗಳ ನಡುವೆ ಬೆಳೆದ ಆ ಮನೆಯವರಿಗೆ ಪುಸ್ತಕವೆಂದರೆ ಏನೆಂದು ತಿಳಿಯದು. ಐದಾರು ವರ್ಷದ ಹುಡುಗನು ಒಂದು ದಿನ ಬಿಸಿಲಿನಲ್ಲಿ ನಿಂತು, ಸೂರ್ಯನ ಬೆಳಕು ತನಗೆ ತಿಳಿಯುವುದು ಬಾಯಿಯಿಂದಲೋ ಕಣ್ಣಿನಿಂದಲೋ ಎಂದು ಯೋಚಿಸಿದನು. ಕಣ್ಣು ಮುಚ್ಚಿ ಬಾಯಿ ತೆರೆದನು, ಬೆಳಕು ಮಾಯವಾಯಿತು. ಬಾಯಿ ಮುಚ್ಚಿ ಕಣ್ಣು ತೆರೆದನು, ಬೆಳಕು ಮರಳಿತು. ಮತ್ತೊಮ್ಮೆ ಹಾಗೆಯೇ ಮಾಡಿ ನೋಡಿ, ಕಂಡುಕೊಂಡ ಸತ್ಯವನ್ನು ಸಂಜೆ ಮನೆಯವರಿಗೆ ಹೇಳಿದಾಗ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವ ಮಾತೇ ಸರಿ. ಆದರೆ ಯಾರನ್ನೂ ಕೇಳದೆ ಪ್ರಯೋಗದಿಂದಲೇ ತಿಳಿಯಬೇಕೆಂಬ ಹಟ ಆಗಲೇ ಮೊಳೆತಿತ್ತು.

ಏಳನೆಯ ವಯಸ್ಸಿಗೆ ಹುಟ್ಟೂರಿನ ಶಾಲೆಗೆ ಸೇರಿದನು. ಆ ಶಾಲೆ ಒಂದೇ ಕೋಣೆ; ಅದೇ ಉಪಾಧ್ಯಾಯನ ಅಡುಗೆಮನೆ, ಅದೇ ಮಲಗುವ ಮನೆ. ಒಲೆಯ ಮೇಲೆ ಆಲೂಗೆಡ್ಡೆ ಬೇಯುವ ವಾಸನೆಗೆ ಹಂದಿಮರಿಗಳು ಪಾಠದ ನಡುವೆ ಒಳಗೆ ನುಗ್ಗುತ್ತಿದ್ದವು. ಉಪಾಧ್ಯಾಯನಾದರೋ ಊರಿನ ಕ್ಷೌರಿಕ, ಚರ್ಚಿನ ಗಂಟೆ ಬಾರಿಸುವವನು, ಗಡಿಯಾರಕ್ಕೆ ಕೀಲಿ ಕೊಡುವವನು. ಅಕ್ಷರ ತಲೆಗೆ ಹತ್ತದಿದ್ದ ಹುಡುಗನಿಗೆ ತಂದೆಯು ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಾಣಿಯಿದ್ದ ಚಿತ್ರಪಟವನ್ನು ತಂದುಕೊಟ್ಟನು. ಪ್ರಾಣಿಗಳ ನೆವದಿಂದ ಅಕ್ಷರಗಳು ಕೆಲವೇ ದಿನಗಳಲ್ಲಿ ಬಂದುಬಿಟ್ಟವು. ಬಾತುಮರಿಗಳನ್ನು ಕೆರೆಗೆ ಹೊಡೆದುಕೊಂಡು ಹೋದಾಗ ಜೇಬಿನ ತುಂಬ ದುಂಬಿಗಳನ್ನೂ ಹೊಳೆಯುವ ಕಲ್ಲುಗಳನ್ನೂ ತುಂಬಿಕೊಂಡು ಬಂದು ಬೈಗುಳ ತಿನ್ನುವುದು ಅವನಿಗೆ ವಾಡಿಕೆಯಾಗಿತ್ತು.

ತಂದೆಯು ಬದುಕನ್ನರಸಿ ಪಟ್ಟಣದಿಂದ ಪಟ್ಟಣಕ್ಕೆ ಅಲೆದು ಕಾಫಿ ಅಂಗಡಿಗಳನ್ನು ಇಟ್ಟನು, ಎಲ್ಲಿಯೂ ಕೈಹತ್ತಲಿಲ್ಲ. ಕೊನೆಗೆ ಸಂಸಾರವೇ ಚದುರಿಹೋಗಿ, ಇನ್ನೂ ಮೀಸೆ ಮೂಡದ ಹುಡುಗನು ತನ್ನ ಅನ್ನವನ್ನು ತಾನೇ ಸಂಪಾದಿಸಬೇಕಾಯಿತು. ಬೊಕೇರ್ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದನು. ಹೊಸದಾಗಿ ಹಾಕುತ್ತಿದ್ದ ರೈಲುದಾರಿಯಲ್ಲಿ ಕೂಲಿಮಾಡಿದನು. ಅಂತಹ ಒಂದು ದಿನ ಕೈಯಲ್ಲಿ ಉಳಿದಿದ್ದ ಕಡೆಯ ಕಾಸುಗಳನ್ನು ಕೊಟ್ಟು, ನೀಮ್ ಪಟ್ಟಣದ ರೊಟ್ಟಿ ಸುಡುವ ಕವಿ ರೆಬೂಲನ ಕವನಗಳನ್ನು ಕೊಂಡುಕೊಂಡನಂತೆ. ಅವಿನ್ಯೋನ್ ನಗರದ ಶಿಕ್ಷಕರ ತರಬೇತಿ ಶಾಲೆಯು ವಿದ್ಯಾರ್ಥಿವೇತನಕ್ಕಾಗಿ ನಡೆಸಿದ ಪರೀಕ್ಷೆಗೆ ಕುಳಿತು ಮೊದಲನೆಯವನಾಗಿ ತೇರ್ಗಡೆಯಾದ ಮೇಲೆ ಅವನ ಅಲೆದಾಟ ನಿಂತಿತು.

1842ರಲ್ಲಿ ಕಾರ್ಪಾಂತ್ರ ಎಂಬ ಊರಿನಲ್ಲಿ ವರ್ಷಕ್ಕೆ 700 ಫ್ರಾಂಕುಗಳ ಸಂಬಳದ ಮೇಲೆ ಉಪಾಧ್ಯಾಯನಾದನು. ಬಯಲಿನಲ್ಲಿ ಭೂಮಾಪನದ ಪಾಠ ನಡೆಯುತ್ತಿದ್ದಾಗ, ಗುರುತಿನ ಗೂಟ ನೆಡಲು ಹೋದ ಹುಡುಗರು ದಾರಿಯಲ್ಲೇ ಬಗ್ಗಿ ಕಲ್ಲುಗಳ ಮೇಲಿನ ಮಣ್ಣಿನ ಗೂಡುಗಳಿಂದ ಹುಲ್ಲುಕಡ್ಡಿಯಲ್ಲಿ ಏನನ್ನೋ ಹೀರುತ್ತಿದ್ದುದನ್ನು ಕಂಡನು. ಅದು ಒಂದು ಬಗೆಯ ಕಾಡುಜೇನಿನ ಗೂಡು. ಗುರುವೂ ಶಿಷ್ಯರ ಜೊತೆ ಸೇರಿ ಜೇನು ಸವಿದನು; ಆದರೆ ಆ ಹುಳುವಿನ ಹೆಸರೂ ಬಾಳೂ ತಿಳಿಯದೆ ಅವನಿಗೆ ಸಮಾಧಾನವಾಗಲಿಲ್ಲ. ಅಂಗಡಿಯಲ್ಲಿದ್ದ ಕೀಟಶಾಸ್ತ್ರದ ಗ್ರಂಥದ ಬೆಲೆ ಅವನ ಒಂದು ತಿಂಗಳ ಸಂಬಳ. ಅದನ್ನು ಕೊಂಡುಕೊಂಡೇಬಿಟ್ಟನು. ಆ ತಿಂಗಳು ಒಲೆ ಹೇಗೆ ಉರಿಯಿತೋ, ಬಡತನವನ್ನು ಬಲ್ಲವರೇ ಊಹಿಸಬೇಕು.

ಮುಂದೆ ಯಾವ ಕಾಲೇಜಿಗೂ ಹೋಗದೆ, ಗುರುಗಳಿಲ್ಲದೆ, ರಾತ್ರಿಯ ಹೊತ್ತು ಓದಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿಗಳನ್ನು ಪಡೆದನು. 1849ರಲ್ಲಿ ಕಾರ್ಸಿಕ ದ್ವೀಪಕ್ಕೆ ಭೌತಶಾಸ್ತ್ರದ ಅಧ್ಯಾಪಕನಾಗಿ ಹೋದಾಗ ಅಲ್ಲಿಗೆ ಬಂದಿದ್ದ ಸಸ್ಯವಿಜ್ಞಾನಿ ಮೊಕೆನ್ ತಾಂದೋನನು ಹೊಲಿಗೆಯ ಸೂಜಿ ಕತ್ತರಿಗಳಿಂದಲೇ ಒಂದು ಬಸವನಹುಳುವನ್ನು ಬಿಡಿಸಿ ಅದರ ಅಂಗರಚನೆಯನ್ನು ತೋರಿಸಿದನು. ಗಣಿತವನ್ನು ಬಿಟ್ಟು ಜೀವಿಗಳ ಕಡೆಗೆ ತಿರುಗೆಂದು ಹೇಳಿದನು. ದ್ವೀಪದ ಚಳಿಜ್ವರವು ಫಾಬ್ರನನ್ನು ಹಿಂದಕ್ಕೆ ಅಟ್ಟಿತು. 1853ರಿಂದ ಅವಿನ್ಯೋನ್ ನಗರದಲ್ಲಿ ಹದಿನೇಳು ವರ್ಷ ಪಾಠ ಹೇಳಿದನು. ಸಂಬಳ ಮಾತ್ರ ಏರಲಿಲ್ಲ.

ಅವನಿಗೆ ಕೀರ್ತಿ ತಂದ ಮೊದಲ ಶೋಧವು ನಡೆದುದು ಈ ಊರಿನ ಸುತ್ತಲಿನ ಮಣ್ಣಿನ ದಿಣ್ಣೆಗಳಲ್ಲಿ. ಒಂದು ಜಾತಿಯ ಕಣಜವು ದುಂಬಿಗಳನ್ನು ಹಿಡಿದು ಬಿಲದಲ್ಲಿಟ್ಟು ಅವುಗಳ ಮೇಲೆ ಮೊಟ್ಟೆಯಿಡುತ್ತದೆ. ವಾರಗಳು ಕಳೆದರೂ ಆ ದುಂಬಿಗಳು ಕೊಳೆಯುವುದಿಲ್ಲ. ಕೊಳೆಯದಂತೆ ತಡೆಯುವ ಯಾವುದೋ ರಸವನ್ನು ಕಣಜವು ಚುಚ್ಚುತ್ತದೆಂದು ಹಿರಿಯ ವಿಜ್ಞಾನಿ ಲಿಯೋನ್ ದುಫೂರನು ಬರೆದಿದ್ದನು. ಫಾಬ್ರನು ಗಂಟೆಗಟ್ಟಲೆ ಬಿಸಿಲಿನಲ್ಲಿ ಅಂಗಾತ ಮಲಗಿ, ಬಿಲದ ಬಾಯಿಯಲ್ಲಿ ಕಾದು, ಕಣಜವು ಕುಟುಕುವ ಜಾಗವನ್ನೇ ಗುರುತಿಸಿದನು. ದುಂಬಿಯ ಕಾಲುಗಳನ್ನು ಆಡಿಸುವ ನರಗಳ ಗಂಟು ಇರುವುದು ಅಲ್ಲಿಯೇ. ದುಂಬಿಗಳು ಸತ್ತಿರಲಿಲ್ಲ, ಬದುಕಿಯೇ ಇದ್ದವು, ಕದಲಲಾರದೆ ಬಿದ್ದಿದ್ದವು. ಮರಿಗೆ ಬೇಕಾದುದು ತಾಜಾ ಆಹಾರ. ಆದರೆ ಬೇಟೆಯು ಒದ್ದಾಡಿದರೆ ಮೊಟ್ಟೆಗೆ ಅಪಾಯ. ಕಣಜದ ಒಂದು ಕುಟುಕು ಈ ಎರಡು ತೊಡಕನ್ನೂ ಬಿಡಿಸಿತ್ತು. ಸೂಜಿಯ ತುದಿಯಿಂದ ಅದೇ ಸ್ಥಳಕ್ಕೆ ಅಮೋನಿಯದ ಹನಿಯನ್ನು ಚುಚ್ಚಿ ಫಾಬ್ರನೂ ದುಂಬಿಗಳನ್ನು ಹಾಗೆಯೇ ಮಲಗಿಸಿದನು. 1855ರಲ್ಲಿ ಪ್ರಕಟವಾದ ಈ ಲೇಖನಕ್ಕೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಪುರಸ್ಕಾರ ದೊರೆಯಿತು. ಡಾರ್ವಿನ್ನನು ತನ್ನ ಮಹಾಗ್ರಂಥದಲ್ಲಿ ಈ ಹಳ್ಳಿಗಾಡಿನ ಉಪಾಧ್ಯಾಯನ ಶೋಧಗಳನ್ನು ಉಲ್ಲೇಖಿಸಿದನು.

1865ರಲ್ಲಿ ಪಾಶ್ಚರನು ಅವನ ಮನೆಯ ಬಾಗಿಲಿಗೆ ಬಂದನು. ರೇಷ್ಮೆಹುಳುಗಳ ರೋಗವನ್ನು ಪರಿಹರಿಸಲು ಸರ್ಕಾರವು ಅವನನ್ನು ಕಳುಹಿಸಿತ್ತು. ಫಾಬ್ರನು ಕೈಗಿತ್ತ ರೇಷ್ಮೆಗೂಡನ್ನು ಪಾಶ್ಚರನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟನು. ಗೂಡಿನೊಳಗೆ ಹುಳುವು ಪತಂಗವಾಗಿ ಮಾರ್ಪಡುವುದೆಂಬ ಸಂಗತಿ ಆ ಮಹಾವಿಜ್ಞಾನಿಗೆ ತಿಳಿದಿರಲಿಲ್ಲ! ಆದರೂ ಅವನೇ ಕೆಲವು ವರ್ಷಗಳಲ್ಲಿ ರೇಷ್ಮೆ ಉದ್ಯಮವನ್ನು ಉಳಿಸಿದನು. ಇದನ್ನು ಕಂಡ ಫಾಬ್ರನು ಅವನನ್ನು ಹಳಿಯಲಿಲ್ಲ. ಪುಸ್ತಕಗಳ ಪೂರ್ವಗ್ರಹವಿಲ್ಲದೆ ವಸ್ತುವನ್ನೇ ಪ್ರಶ್ನಿಸುವುದು ಎಂತಹ ಬಲವೆಂದು ಮನಗಂಡನು. ಅದೇ ದಿನ ಪಾಶ್ಚರನು ದ್ರಾಕ್ಷಾರಸದ ನೆಲಮಾಳಿಗೆಯನ್ನು ತೋರಿಸೆಂದು ಕೇಳಿದಾಗ, ಫಾಬ್ರನಿಗೆ ತೋರಿಸಲು ಇದ್ದುದು ಅಡುಗೆಮನೆಯ ಮೂಲೆಯಲ್ಲಿ ಹರಕು ಕುರ್ಚಿಯ ಮೇಲಿನ ಒಂದು ಬುದ್ದಲಿ.

ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಬೇಕೆಂಬ ಆಸೆ ಅವನಿಗಿತ್ತು. ಸ್ವಂತ ಆಸ್ತಿಯಿಲ್ಲದವನಿಗೆ ಆ ಸ್ಥಾನ ನಿಲುಕದೆಂದು ಒಬ್ಬ ಅಧಿಕಾರಿ ತಿಳಿಸಿದನು. ಹಾಗಾದರೆ ಹಣ ಗಳಿಸೋಣವೆಂದು ಫಾಬ್ರನು ಆ ಸೀಮೆಯಲ್ಲಿ ಬೆಳೆಯುತ್ತಿದ್ದ ಮಂಜಿಷ್ಠದ ಬೇರಿನಿಂದ ಶುದ್ಧವಾದ ಕೆಂಪುಬಣ್ಣ ತೆಗೆಯುವ ವಿಧಾನವನ್ನು ವರ್ಷಗಟ್ಟಲೆ ಶ್ರಮಿಸಿ ಕಂಡುಹಿಡಿದನು. ಕಾರ್ಖಾನೆ ಕಣ್ತೆರೆಯುವಷ್ಟರಲ್ಲಿ, 1868ರಲ್ಲಿ, ಜರ್ಮನಿಯ ರಸಾಯನಶಾಸ್ತ್ರಜ್ಞರು ಅದೇ ಬಣ್ಣವನ್ನು ಕಲ್ಲಿದ್ದಲಿನ ಡಾಂಬರಿನಿಂದ ತಯಾರಿಸಿಬಿಟ್ಟರು. ರೈತರ ಹೊಲಗಳೂ ಹಾಳಾದವು, ಫಾಬ್ರನ ಕನಸೂ ಹಾಳಾಯಿತು.

ಅದೇ ವರ್ಷ ವಿದ್ಯಾಮಂತ್ರಿ ವಿಕ್ತೋರ್ ದ್ಯೂರುಯಿಯ ಮೆಚ್ಚುಗೆಯಿಂದ ಅವನಿಗೆ ರಾಷ್ಟ್ರಗೌರವದ ಪದಕ ದೊರೆತು, ಚಕ್ರವರ್ತಿಯ ದರ್ಶನವೂ ಆಯಿತು. ಆಗ ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರೌಢ ವಿದ್ಯಾಭ್ಯಾಸ ದುರ್ಲಭವಾಗಿತ್ತು. ಈ ಮಂತ್ರಿಯು ಅದಕ್ಕಾಗಿ ತರಗತಿಗಳನ್ನು ತೆರೆಸಿದಾಗ ಫಾಬ್ರನು ಅವಿನ್ಯೋನಿನ ಹಳೆಯ ಚರ್ಚೊಂದರಲ್ಲಿ ಅವರಿಗೆ ವಿಜ್ಞಾನವನ್ನು ಬೋಧಿಸತೊಡಗಿದನು. ಗಾಳಿ, ನೀರು, ಮಿಂಚು, ಗಿಡಮರಗಳ ವಿಚಾರವನ್ನು ಅವನು ಹೇಳುವುದನ್ನು ಕೇಳಲು ಜನ ಕಿಕ್ಕಿರಿದರು. ಹೂವಿನಲ್ಲಿ ಪರಾಗಸ್ಪರ್ಶವಾಗಿ ಕಾಯಿಕಟ್ಟುವುದನ್ನು ಹುಡುಗಿಯರ ಮುಂದೆ ವಿವರಿಸಿದನೆಂಬುದೇ ಅವನ ಮೇಲಿನ ಆರೋಪವಾಯಿತು. ಸಂಪ್ರದಾಯಸ್ಥರು ಕೆರಳಿದರು. ಮಂತ್ರಿಯು 1869ರಲ್ಲಿ ಅಧಿಕಾರ ಬಿಟ್ಟಿದ್ದರಿಂದ ಆಸರೆಯೂ ಇರಲಿಲ್ಲ. ಮನೆಯೊಡತಿಯರಾದ ಇಬ್ಬರು ವೃದ್ಧ ಕನ್ಯೆಯರು ಮನೆ ಬಿಡೆಂದು ಹೇಳಿಕಳುಹಿಸಿದರು. ಹೆಂಡತಿ ಮಕ್ಕಳೊಡನೆ ಬೀದಿಗೆ ಬಿದ್ದ ಫಾಬ್ರನ ಕೈಯಲ್ಲಿ ಕಾಸಿರಲಿಲ್ಲ.

ಆಗ ನೆರವಿಗೆ ಬಂದವನು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಹೆಂಡತಿಯ ಸಮಾಧಿಯಿದ್ದ ಅವಿನ್ಯೋನಿನಲ್ಲಿ ಮನೆಮಾಡಿಕೊಂಡಿದ್ದ ಮಿಲ್ಲನು ಸಸ್ಯಗಳನ್ನು ಹುಡುಕುತ್ತ ಫಾಬ್ರನೊಡನೆ ಬೆಟ್ಟಗುಡ್ಡ ಸುತ್ತುತ್ತಿದ್ದನು. ಅವನು ಪತ್ರ ಸಾಕ್ಷಿಗಳಿಲ್ಲದೆ 3000 ಫ್ರಾಂಕುಗಳನ್ನು ಕೊಟ್ಟನು. ಫಾಬ್ರನು ಮುಂದೆ ಅದನ್ನು ಪೂರ್ತಿ ತೀರಿಸಿದನು. ಸರ್ಕಾರಿ ಕೆಲಸವನ್ನು ಬಿಟ್ಟು ಓರಾಂಜ್ ಎಂಬ ಊರಿನಲ್ಲಿ ನೆಲೆಸಿ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಬರೆದು ಬದುಕಿದನು. ಇಲ್ಲಿಯೇ 1877ರಲ್ಲಿ ಅವನ ಮಗ ಜೂಲ್ ಹದಿನಾರನೆಯ ವಯಸ್ಸಿಗೆ ತೀರಿಕೊಂಡನು. ತಂದೆಯ ಜೊತೆ ಹುಳುಗಳನ್ನು ಹುಡುಕುತ್ತ ಹೂಗಳನ್ನು ಗುರುತಿಸುತ್ತ ಬೆಳೆದ ಹುಡುಗ ಅವನು. ದುಃಖದಲ್ಲಿ ಹಾಸಿಗೆ ಹಿಡಿದು ಎದ್ದ ಫಾಬ್ರನು ತಾನು ಹೊಸದೆಂದು ವರ್ಣಿಸಿದ ಮೂರು ಕಣಜಗಳಿಗೆ ಮಗನ ಹೆಸರಿಟ್ಟನು. ಮನೆಯ ಮುಂದಿನ ಸಾಲುಮರಗಳನ್ನು ಮಾಲೀಕನು ಕಡಿಸಿದಾಗ ಆ ಊರೂ ಅವನಿಗೆ ಬೇಡವಾಯಿತು.

1879ರಲ್ಲಿ, ಐವತ್ತೈದು ದಾಟಿದ ಮೇಲೆ, ಅವನ ಜೀವಮಾನದ ಬಯಕೆ ಕೈಗೂಡಿತು. ಸೆರಿನ್ಯಾನ್ ಹಳ್ಳಿಯ ಅಂಚಿನಲ್ಲಿ ಸುಮಾರು ಒಂದು ಹೆಕ್ಟೇರ್ ಕಲ್ಲುನೆಲವನ್ನೂ ಒಂದು ಮನೆಯನ್ನೂ ಕೊಂಡುಕೊಂಡನು. ಉಳುವವರಿಗೆ ಬೇಡವಾದ ಬೀಳುಭೂಮಿಗೆ ಆ ಸೀಮೆಯವರು ಆರ್ಮಾಸ್ ಎನ್ನುತ್ತಾರೆ. ಮುಳ್ಳುಗಿಡ ತುಂಬಿದ ಆ ಬೀಳು ಕಣಜ ಜೇನುಗಳಿಗೆ ಸ್ವರ್ಗವಾಗಿತ್ತು. ಅದೇ ವರ್ಷ ಅವನ ‘ಕೀಟಶಾಸ್ತ್ರದ ನೆನಪುಗಳು’ ಗ್ರಂಥದ ಮೊದಲ ಸಂಪುಟ ಹೊರಬಂದಿತು. ಹತ್ತನೆಯದು ಬಂದುದು 1907ರಲ್ಲಿ. ಸತ್ತ ಹುಳುಗಳನ್ನು ಗುಂಡುಸೂಜಿಗೆ ಚುಚ್ಚಿ ಹೆಸರಿಡುವುದೇ ಕೀಟಶಾಸ್ತ್ರವೆನಿಸಿದ್ದ ಕಾಲದಲ್ಲಿ ಅವನು ಬದುಕಿರುವ ಹುಳುವಿನ ಬಾಳನ್ನು, ಕಥೆಗಾರನ ಭಾಷೆಯಲ್ಲಿ, ಬರೆದನು.

ಅವನ ಪ್ರಯೋಗಗಳಿಗೆ ಉಪಕರಣಗಳೆಂದರೆ ಹೂಕುಂಡ, ತಂತಿಯ ಬಲೆ, ಗಾಜಿನ ಬಟ್ಟಲು. ಒಂದರ ಹಿಂದೊಂದು ಸಾಲಾಗಿ ಹೋಗುವ ಪೈನ್ ಮರದ ಕಂಬಳಿಹುಳುಗಳು ಒಂದು ದೊಡ್ಡ ಕುಂಡದ ಅಂಚನ್ನು ಹತ್ತಿದಾಗ, ಸಾಲಿನ ತಲೆ ಬಾಲಗಳು ಕೂಡುವಂತೆ ಮಾಡಿದನು. ಮುಂದಾಳಿಲ್ಲದ ಆ ಮೆರವಣಿಗೆ ಹಸಿವು ಚಳಿಗಳಲ್ಲಿ ಏಳು ದಿನ, ಮುನ್ನೂರಕ್ಕೂ ಹೆಚ್ಚು ಸುತ್ತು ಸುತ್ತಿತು. ಇನ್ನೊಮ್ಮೆ, ಬೇಟೆಯನ್ನು ಬಾಗಿಲಲ್ಲಿಟ್ಟು ಬಿಲವನ್ನು ನೋಡಿಬರಲು ಒಳಗಿಳಿದ ಕಣಜದ ಬೇಟೆಯನ್ನು ಅವನು ದೂರ ಸರಿಸಿದನು. ಕಣಜವು ಮತ್ತೆ ಅದನ್ನು ಎಳೆತಂದು ಬಾಗಿಲಲ್ಲಿಟ್ಟು ಮತ್ತೆ ಒಳಗೆ ನೋಡಲು ಹೋಯಿತು; ನಲವತ್ತು ಸಲ ಸರಿಸಿದರೂ ಅದು ತನ್ನ ಕ್ರಮವನ್ನು ಬಿಡಲಿಲ್ಲ. ಬೇರೊಂದು ಕಡೆ ಅದೇ ಜಾತಿಯ ಕಣಜಗಳು ಎರಡು ಮೂರು ಸಲಕ್ಕೇ ಬೇಟೆಯನ್ನು ನೇರವಾಗಿ ಒಳಗೆ ಎಳೆದುಕೊಂಡವು. ತನ್ನ ವಾದಕ್ಕೆ ಒಪ್ಪದ ಈ ಸಂಗತಿಯನ್ನೂ ಅವನು ಮುಚ್ಚಿಡದೆ ಬರೆದನು.

ಒಂದು ಮೇ ತಿಂಗಳ ಬೆಳಿಗ್ಗೆ ಮನೆಯೊಳಗೆ ಗೂಡಿನಿಂದ ಹೊರಬಂದ ದೊಡ್ಡ ನವಿಲು ಪತಂಗದ ಹೆಣ್ಣೊಂದನ್ನು ಅವನು ತಂತಿಯ ಬಲೆಯಡಿ ಇಟ್ಟಿದ್ದನು. ರಾತ್ರಿ ಒಂಬತ್ತರ ಹೊತ್ತಿಗೆ ಕಿರಿಯ ಮಗ ಪಾಲ್ ಕೂಗಿದುದನ್ನು ಕೇಳಿ ದೀಪ ಹಿಡಿದು ಹೋದಾಗ ಮನೆಯ ತುಂಬ ಹಕ್ಕಿಗಾತ್ರದ ಗಂಡು ಪತಂಗಗಳು ರೆಕ್ಕೆ ಬಡಿಯುತ್ತಿದ್ದವು. ಎಣಿಸಿದರೆ ಸುಮಾರು ನಲವತ್ತು. ಕತ್ತಲೆಯಲ್ಲಿ ಇವುಗಳನ್ನು ಕರೆದವರು ಯಾರು? ವರ್ಷಗಳ ಕಾಲ ಬೇರೆ ಬೇರೆ ಜಾತಿಗಳಲ್ಲಿ ಪರೀಕ್ಷಿಸಿ, ಹೆಣ್ಣನ್ನು ಗಾಳಿಯಾಡದಂತೆ ಮುಚ್ಚಿದರೆ ಗಂಡುಗಳು ಬಾರವೆಂದೂ, ಹೆಣ್ಣು ಕುಳಿತೆದ್ದ ಕೊಂಬೆಗೂ ಅವು ಮುತ್ತುವವೆಂದೂ ಕಂಡು, ಮನುಷ್ಯನ ಮೂಗಿಗೆ ತಿಳಿಯದ ವಾಸನೆಯೇ ಅದಕ್ಕೆ ಕಾರಣವೆಂದನು. ರೇಷ್ಮೆಪತಂಗದಲ್ಲಿ ಅಂತಹ ಒಂದು ರಾಸಾಯನಿಕವನ್ನು ವಿಜ್ಞಾನಿಗಳು ಬೇರ್ಪಡಿಸಿ ಗುರುತಿಸಿದುದು 1959ರಲ್ಲಿ.

ಅವನು ಹೇಳಿದುದೆಲ್ಲ ನಿಂತಿಲ್ಲ. ಹಳ್ಳಿಯ ಉತ್ಸವದ ಫಿರಂಗಿಗಳನ್ನು ತರಿಸಿ ಜೀರುಂಡೆಗಳು ಹಾಡುತ್ತಿದ್ದ ಮರದಡಿ ಹಾರಿಸಿದಾಗ ಅವು ಹಾಡು ನಿಲ್ಲಿಸಲಿಲ್ಲ. ಅವು ಕಿವುಡೆಂದು ಅವನು ಸಂಶಯಪಟ್ಟನು. ಜೀರುಂಡೆಗಳಿಗೆ ಕಿವಿಗಳುಂಟೆಂದು ಮುಂದೆ ಸಿದ್ಧವಾಯಿತು. ಡಾರ್ವಿನ್ನನ ವಿಕಾಸವಾದವನ್ನೂ ಅವನು ಕೊನೆಯವರೆಗೆ ಒಪ್ಪಲಿಲ್ಲ. ಆದರೂ ಇಬ್ಬರಲ್ಲಿ ಪತ್ರವ್ಯವಹಾರವಿತ್ತು. ಜೇನುಹುಳುಗಳನ್ನು ಪೆಟ್ಟಿಗೆಯಲ್ಲಿ ಗಿರಗಿರನೆ ತಿರುಗಿಸಿ ದೂರದಲ್ಲಿ ಬಿಟ್ಟರೆ ಅವು ದಿಕ್ಕು ತಪ್ಪುವವೇ ನೋಡೆಂದು ಡಾರ್ವಿನ್ನನು ಸೂಚಿಸಿದಾಗ ಫಾಬ್ರನು ಅದನ್ನು ಮಾಡಿಯೇ ನೋಡಿದನು. ಹಲವು ಹುಳುಗಳು ಮನೆಗೆ ಮರಳಿದವು.

ಪಠ್ಯಪುಸ್ತಕಗಳ ವರಮಾನ ನಿಂತಾಗ ಮುದಿತನದಲ್ಲಿ ಬಡತನ ಮತ್ತೆ ಬಂದಿತು. ಅಣಬೆಗಳ ಮೇಲೆ ತಾನು ಬರೆದಿದ್ದ ನೂರಾರು ಬಣ್ಣದ ಚಿತ್ರಗಳನ್ನು ಮಾರಬೇಕೆಂದು ಅವನು ಯೋಚಿಸಿದನು. ಕವಿ ಮಿಸ್ತ್ರಾಲನೂ ಇತರ ಮಿತ್ರರೂ ಈ ಸ್ಥಿತಿಯನ್ನು ದೇಶಕ್ಕೆ ತಿಳಿಸಿದರು. 1910ರ ಏಪ್ರಿಲ್ 3ರಂದು ಸೆರಿನ್ಯಾನಿಗೆ ವಿದ್ವಾಂಸರು ಬಂದು ಅವನನ್ನು ಗೌರವಿಸಿದರು. 1913ರಲ್ಲಿ ಗಣರಾಜ್ಯದ ಅಧ್ಯಕ್ಷ ಪ್ವಾಂಕಾರೆಯೇ ಅವನ ಮನೆಗೆ ಬಂದನು. ಆಗ ಫಾಬ್ರನ ಕಣ್ಣುಗಳು ಮಂಜಾಗಿದ್ದವು. ಎರಡು ವರ್ಷಗಳ ಬಳಿಕ, 1915ರ ಅಕ್ಟೋಬರ್ 11ರಂದು, ಯುರೋಪು ಮಹಾಯುದ್ಧದಲ್ಲಿ ಉರಿಯುತ್ತಿದ್ದಾಗ, ತನ್ನ ತೊಂಬತ್ತೊಂದನೆಯ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದನು.

ಅವನ ಗ್ರಂಥವು ಅನೇಕ ಭಾಷೆಗಳಿಗೆ ಅನುವಾದವಾಯಿತು. 1922ರಲ್ಲಿ ಜಪಾನೀ ಭಾಷೆಗೆ ಬಂದ ಮೇಲೆ ಆ ದೇಶದಲ್ಲಿ ಅದು ಮನೆಮಾತಾಗಿ, ಫಾಬ್ರನ ಹೆಸರು ಫ್ರಾನ್ಸಿಗಿಂತ ಅಲ್ಲಿಯ ಮಕ್ಕಳಿಗೇ ಹೆಚ್ಚು ಪರಿಚಿತವಾಯಿತೆಂದು ಹೇಳುವುದುಂಟು. ಅದೇ 1922ರಲ್ಲಿ ಫ್ರೆಂಚ್ ಸರ್ಕಾರವು ಆರ್ಮಾಸನ್ನು ಕೊಂಡು ಪ್ರಕೃತಿವಿಜ್ಞಾನದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಒಪ್ಪಿಸಿತು. ಆ ಮನೆಯಲ್ಲಿ ಅವನ ಬರೆಯುವ ಮೇಜನ್ನು ಉಳಿಸಿಕೊಳ್ಳಲಾಗಿದೆ. ಒಂದು ಕೈಯಿಂದ ಎತ್ತಿ ಕಿಟಕಿಯ ಬಳಿಗೆ ಒಯ್ಯಬಹುದಾದಷ್ಟು ಪುಟ್ಟದು ಅದು.